ಅತ್ತೆಯ ಕಾಲು, ಶಿಷ್ಯೆಯ ಫೈಲು

ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುವವರ ಮಾನ ವರ್ಷಕ್ಕೆ ನಾಲ್ಕಾರು ಸಲವಾದರೂ ಹೋಗಿಯೇ ಹೋಗುತ್ತದೆ, ಅದಕ್ಕೆ ಬ್ಯಾಚು ಹಳೆಯದಾ ಹೊಸದಾ ಎಂಬ ಭೇದ ಇಲ್ಲ. ಕುಂದಾಪುರದ ಒಂದು ಸಣ್ಣ ನರ್ಸಿಂಗ್ ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನ ವಿಷಯ ಹಳ್ಳಿಯ ಆರೋಗ್ಯ. ಅಂದರೆ ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಬೈಂದೂರಿನ ಆಚೆ, ಶಂಕರನಾರಾಯಣದ ಒಳಗೆ, ಬ್ರಹ್ಮಾವರದ ಗದ್ದೆ ಬದಿ, ಹೀಗೆ ಎಲ್ಲೆಲ್ಲಿಗೋ ಕರೆದುಕೊಂಡು ಹೋಗಿ, ಆಸ್ಪತ್ರೆ ಅಂತ ಒಂದು ಗೋಡೆ ಇಲ್ಲದ ಕಡೆ ನರ್ಸು ಹೇಗೆ ಕೆಲಸ ಮಾಡಬೇಕು ಅಂತ ಕಲಿಸುವುದು.

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅಂತ ಯಾರೂ ಹೇಳುವುದು ಬೇಡ. ನನ್ನಷ್ಟೇ ಕಲಿತವರನ್ನು ಕಂಡರೆ ಆಗುವ ಹೊಟ್ಟೆಕಿಚ್ಚು ಅಲ್ಲ, ಅದು ಎಲ್ಲರಿಗೂ ಇರುತ್ತದೆ. ನನ್ನದು ನಾನೇ ಕಲಿಸಿದ ಮಕ್ಕಳ ಮೇಲೆ. ಅದರಲ್ಲೂ ಹೆಮ್ಮಾಡಿಯಿಂದ ಬರುತ್ತಿದ್ದ ಒಬ್ಬಳ ಮೇಲೆ ಮೂರು ವರ್ಷ ಹೊಟ್ಟೆ ಉರಿದದ್ದಕ್ಕೆ ಲೆಕ್ಕ ಇಲ್ಲ. ಅವಳ ತಾಯಿ ಸೇವಂತಿಗೆ ಬೆಳೆಯುವವರು. ಹುಡುಗಿ ಗಿಡ್ಡ, ಬರವಣಿಗೆಯಲ್ಲಿ ಸಾಧಾರಣ, ಕ್ಲಾಸಿನಲ್ಲಿ ಕಿಟಕಿಯ ಹೊರಗೆ ನೋಡಿಕೊಂಡು ಕೂರುವವಳು. ಆದರೆ ಹಳ್ಳಿಗೆ ಕರೆದುಕೊಂಡು ಹೋದರೆ ಜನ ನನ್ನನ್ನು ಬಿಟ್ಟು ಅವಳ ಹತ್ತಿರ ಮಾತಾಡುತ್ತಿದ್ದರು.

ಇನ್ನೊಂದು ವಿಷಯವನ್ನೂ ಹೇಳಬೇಕು. ಊರಿಗೆಲ್ಲ ಆರೋಗ್ಯದ ಪಾಠ ಹೇಳುವ ನನ್ನ ಮಾತನ್ನು ಕೋಟದಲ್ಲಿರುವ ನನ್ನ ಮನೆಯಲ್ಲೇ ಒಬ್ಬರು ಕೇಳುವುದಿಲ್ಲ. ನನ್ನ ಅತ್ತೆ. ಅವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ಕೊಟ್ಟರೆ ಮಲ್ಲಿಗೆ ಬುಡಕ್ಕೆ ಹಾಕುತ್ತಾರೆ, ರಕ್ತ ಪರೀಕ್ಷೆ ಅಂದರೆ ಬೆರಳು ಮುಷ್ಟಿ ಮಾಡಿಕೊಳ್ಳುತ್ತಾರೆ. ಅವರ ಅಣ್ಣನಿಗೆ ಇದೇ ಕಾಯಿಲೆಯಲ್ಲಿ ಮೊಣಕಾಲಿನಿಂದ ಕೆಳಗೆ ಕಾಲು ತೆಗೆದರು. ಅತ್ತೆಗೂ ಅದೇ ಆದರೆ ಏನು ಗತಿ ಎಂಬ ಹೆದರಿಕೆ ನನಗೆ ಸದಾ. ಹಾಗಾಗಿ ದಿನಕ್ಕೆ ಎರಡು ಸಲವಾದರೂ ಅಣ್ಣನ ಕಾಲನ್ನು ನೆನಪು ಮಾಡಿಕೊಡುತ್ತಿದ್ದೆ. ಅತ್ತೆ ಅಷ್ಟು ಹೊತ್ತು ಕಿವಿ ಕೇಳದವರ ಹಾಗೆ ಇರುತ್ತಿದ್ದರು.

ಇವತ್ತಿನ ಪೇಪರು

ಹಳ್ಳಿ ಮನೆಗೆ ಹೋಗುವ ನರ್ಸಿಗೆ ಒಂದು ಚೀಲ ಇರುತ್ತದೆ. ಅದನ್ನು ಹೇಗೆಂದರೆ ಹಾಗೆ ಇಡುವ ಹಾಗಿಲ್ಲ. ನೆಲದ ಮೇಲೆ ಪೇಪರು ಹಾಸಬೇಕು, ಅದರ ಮೇಲೆ ಚೀಲ ಇಡಬೇಕು, ಸೋಪು ತೆಗೆದು ಕೈ ತೊಳೆಯಬೇಕು, ಆಮೇಲೆ ಒಂದೊಂದೇ ಸಾಮಾನು ಹೊರಗೆ ತೆಗೆಯಬೇಕು. ಹಳೆಯ ಪದ್ಧತಿ. ಇದನ್ನು ನನ್ನಷ್ಟು ಚೆಂದ ಮಾಡುವವರು ಮೂರು ತಾಲೂಕಿನಲ್ಲಿ ಇಲ್ಲ ಅಂತ ನನ್ನ ನಂಬಿಕೆ.

ಆ ಬ್ಯಾಚಿಗೆ ಮೊದಲ ಸಲ ತೋರಿಸಿದ್ದು ಶಂಕರನಾರಾಯಣದ ಒಳಗಿನ ಒಂದು ಮನೆಯಲ್ಲಿ. ಹತ್ತು ಮಕ್ಕಳು ಸುತ್ತ ನಿಂತಿದ್ದಾರೆ. ನಾನು ಗಂಭೀರವಾಗಿ ಪೇಪರು ಹಾಸಿ, ಚೀಲ ಇಟ್ಟು, ಕೈ ತೊಳೆದುಕೊಂಡು ಬಂದು ನೋಡುತ್ತೇನೆ, ಬಿಪಿ ನೋಡಿಸಿಕೊಳ್ಳಬೇಕಾದ ಅಜ್ಜ ಕುರ್ಚಿ ಬಿಟ್ಟು ನೆಲದ ಮೇಲೆ ಬಗ್ಗಿ ಕೂತಿದ್ದಾರೆ. ಪೇಪರು ಓದುತ್ತಿದ್ದಾರೆ. ಆ ಊರಿಗೆ ಪೇಪರು ಬರುವುದು ಮಧ್ಯಾಹ್ನದ ಬಸ್ಸಿಗೆ, ಅದೂ ಅಂಗಡಿಗೆ ಒಂದೇ ಒಂದು. ನಾನು ತೋಳು ಕೊಡಿ ಅಂದೆ. ಅವರು ಎಡಗೈ ನನಗೆ ಕೊಟ್ಟು ಬಲಗೈಯಲ್ಲಿ ನನ್ನ ಚೀಲವನ್ನು ಆಚೆ ತಳ್ಳಿದರು. ಸುದ್ದಿಯ ಉಳಿದ ಭಾಗ ಚೀಲದ ಅಡಿಯಲ್ಲಿತ್ತು. ಕೆಲಸ ಮುಗಿಸಿ ಪೇಪರು ಮಡಚಲು ಹೋದರೆ ಕೈ ಹಿಡಿದುಕೊಂಡರು.

"ಹ್ವಾಯ್, ಮಡ್ಚ್‌ಬೇಡಿ. ನಂದ್ ಓದಿ ಆಯ್ಲಿಲ್ಲ."

ಮಕ್ಕಳೆಲ್ಲ ನಕ್ಕರು. ಹೆಮ್ಮಾಡಿಯವಳು ಮಾತ್ರ ನಗಲಿಲ್ಲ, ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಮರುದಿನ ಅವಳು ಎರಡು ಪೇಪರು ತಂದಳು. ಹಳೆಯದು ಚೀಲಕ್ಕೆ, ಅವತ್ತಿನದು ಅಜ್ಜನಿಗೆ. ಅಜ್ಜ ಕೂತು ಓದುತ್ತಾ ಎರಡೂ ತೋಳು ಕೊಟ್ಟರು, ಕಣ್ಣು ತೋರಿಸಿದರು, ಯಾರಿಗೂ ಹೇಳದ ಎದೆನೋವಿನ ವಿಷಯವನ್ನೂ ಹೇಳಿದರು. ಎದೆನೋವಿನ ಬಗ್ಗೆ ನಾನು ಹಿಂದಿನ ದಿನ ಮೂರು ಸಲ ಕೇಳಿದ್ದೆ, ಮೂರು ಸಲವೂ ಇಲ್ಲ ಅಂದಿದ್ದರು.

ಒಂದು ವಾರ ಕಳೆದು ನಾನೊಬ್ಬಳೇ ಆ ಓಣಿಗೆ ಹೋದೆ. ಐದು ಮನೆಯಲ್ಲೂ ನನ್ನ ಚೀಲದ ಕಡೆಗೇ ಎಲ್ಲರ ಕಣ್ಣು. ಒಬ್ಬರು ನಾನು ಹಾಸಿದ ಪೇಪರಿನ ತಾರೀಕು ನೋಡಿ, ಇದು ಓದಿದ್ದು ಮೇಡಂ, ಆ ಹುಡುಗಿ ಬರುವಾಗ ನಾವು ತೋರಿಸಿಕೊಳ್ಳುತ್ತೇವೆ ಅಂತ ಒಳಗೆ ಹೋದರು.

ಹನ್ನೊಂದು ಜನರ ಮನೆ

ಎರಡನೇ ವರ್ಷ ಬೈಂದೂರಿನ ಆಚೆಯ ಒಂದು ಊರಿನಲ್ಲಿ ಮನೆ ಸಮೀಕ್ಷೆ. ಮನೆಯಲ್ಲಿ ಎಷ್ಟು ಜನ, ಯಾರಿಗೆ ಏನು ಕಾಯಿಲೆ ಅಂತ ಬರೆದು, ಆಮೇಲೆ ಆ ಪಟ್ಟಿ ಹಿಡಿದು ಆರೋಗ್ಯ ಶಿಬಿರ ಮಾಡುವುದು. ಹೇಗೆ ಕೇಳಬೇಕು ಅಂತ ತೋರಿಸಲು ನಾನೇ ಮೊದಲ ಮನೆಗೆ ಹೋದೆ. ಮನೆಯೊಡತಿ ಮೀನು ಕೊಯ್ಯುತ್ತಿದ್ದರು. ಮನೆಯಲ್ಲಿ ಎಷ್ಟು ಜನ ಅಂದೆ. ಹನ್ನೊಂದು ಅಂದರು. ಬರೆದುಕೊಂಡೆ. ಹೀಗೆ ಎರಡು ದಿನದಲ್ಲಿ ಊರಿಡೀ ಬರೆದು ಮುಗಿಯಿತು.

ಶಿಬಿರದ ದಿನ ಪಟ್ಟಿಯಲ್ಲಿದ್ದ ಜನ ಬಂದಿದ್ದರೆ ಕುರ್ಚಿ ಸಾಲುತ್ತಿರಲಿಲ್ಲ. ಬಂದವರು ಕುರ್ಚಿಗಿಂತ ಕಡಿಮೆ. ಹನ್ನೊಂದು ಜನರ ಮನೆಯಿಂದ ಐದು ಜನ. ಉಳಿದವರು ಎಲ್ಲಿ ಅಂತ ಮನೆಯೊಡತಿಯನ್ನು ಕೇಳಿದೆ. ಇಬ್ಬರು ಮೈದುನರು ಹೆಂಡತಿ ಮಕ್ಕಳ ಜೊತೆ ಮುಂಬೈಯಲ್ಲಿದ್ದಾರಂತೆ, ಹೋಟೆಲು. ಹೋಗಿ ಎಷ್ಟು ವರ್ಷ ಆಯಿತು ಅಂದರೆ ಹದಿನಾರು. ಹಾಗಾದರೆ ಹನ್ನೊಂದು ಅಂತ ಯಾಕೆ ಹೇಳಿದಿರಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂತು.

"ಮನಿ ಅವರದ್ದೂ ಅಲ್ದಾ? ಇಲ್ಲೆ ಅಂದ್ಹೇಳಿ ಬರ್ಸುದ್ ಹ್ಯಾಂಗ್?"

ಇದು ಬರೀ ಅವರ ಮನೆಯ ಕತೆ ಅಲ್ಲ, ಊರಿಡೀ ಹೀಗೆ. ನಮ್ಮ ಕಡೆ ಮನೆಯವರ ಲೆಕ್ಕ ಹೇಳುವಾಗ ದೂರ ಇದ್ದವರನ್ನು ಬಿಟ್ಟು ಹೇಳುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. ನಾನೂ ಇದೇ ನೀರು ಕುಡಿದವಳು, ನನಗೆ ಗೊತ್ತಿರಬೇಕಿತ್ತು. ಸಮೀಕ್ಷೆ ಪುನಃ ಮಾಡಬೇಕಾಯಿತು. ಈ ಸಲ ಏನಂತ ಕೇಳುವುದು ಅಂತ ನಾನು ತಲೆ ಕೆಡಿಸಿಕೊಂಡಿರುವಾಗ ಹೆಮ್ಮಾಡಿಯವಳು ಪಕ್ಕದ ಮನೆಯ ಅಡುಗೆ ಬಾಗಿಲಲ್ಲಿ ನಿಂತು, ಇವತ್ತು ಮಧ್ಯಾಹ್ನಕ್ಕೆ ಎಷ್ಟು ಜನರ ಅಕ್ಕಿ ಹಾಕಿದಿರಿ ಅಂತ ಕೇಳುತ್ತಿದ್ದಳು. ನಾಲ್ಕು ಜನರದ್ದು ಅಂದರು. ಆ ಮನೆಯವರು ನನಗೆ ಒಂಬತ್ತು ಅಂತ ಬರೆಸಿದ್ದರು.

ಹೊಟ್ಟೆ ಉರಿಯದೆ ಇರುತ್ತದಾ? ಇಷ್ಟು ವರ್ಷದಲ್ಲಿ ನನಗೆ ಹೊಳೆಯದ್ದು ಇವಳಿಗೆ ಎರಡು ನಿಮಿಷದಲ್ಲಿ ಹೊಳೆಯಿತು. ಆ ಪಟ್ಟಿ ಎಷ್ಟು ಸರಿಯಾಯಿತು ಅಂದರೆ, ನೋಡಲು ಬಂದ ದೊಡ್ಡ ಅಧಿಕಾರಿ ಇದನ್ನು ಹೇಗೆ ಮಾಡಿದಿರಿ ಅಂತ ಕೇಳಿದರು. ಅಕ್ಕಿಯ ಪ್ರಶ್ನೆಯನ್ನು ವಿವರಿಸಿದೆ. ಯಾರ ಯೋಚನೆ ಅಂದರು. ಅನುಭವ ಸರ್ ಅಂದೆ. ಯಾರ ಅನುಭವ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಡುಗಿ ಪಕ್ಕದಲ್ಲೇ ಚಪ್ಪೆ ಮುಖ ಮಾಡಿಕೊಂಡು ನಿಂತಿದ್ದಳು.

ಅಧಿಕಾರಿ ಅಷ್ಟಕ್ಕೇ ಹೋಗಿದ್ದರೆ ಸಾಕಿತ್ತು. ಅವರು ಏಕಾದಶಿ ಗೀಕಾದಶಿ ಇದ್ದು ಅನ್ನವೇ ಮಾಡದಿದ್ದರೆ ಏನು ಕೇಳುತ್ತೀರಿ ಮೇಡಂ ಅಂದರು. ನಾನು ಪಟ್ಟಿಯ ಪುಟ ತಿರುವಿದೆ. ಹುಡುಗಿ ಮೆಲ್ಲಗೆ, ಆವತ್ತು ಬೆಳಿಗ್ಗೆಯ ಚಾ ಲೋಟ ಎಣಿಸುತ್ತೇವೆ ಸರ್, ಮೇಡಂ ಹೇಳಿಕೊಟ್ಟಿದ್ದಾರೆ ಅಂದಳು. ಅಧಿಕಾರಿ ನನ್ನ ಕಡೆ ತಿರುಗಿ ಕೈ ಮುಗಿದರು. ನಾನು ಎರಡೂ ಕೈ ಎತ್ತಿ ತಿರುಗಿ ಮುಗಿದೆ, ಬೇರೆ ಎಂತ ಮಾಡುವುದು ಮಾರಾಯ್ರೆ.

ಸೊಳ್ಳೆ ಅಕ್ಕ

ಮಳೆ ಕಡಿಮೆಯಾಗಿ ಡೆಂಗ್ಯೂ ಶುರುವಾಗುವ ಸಮಯ. ಬ್ರಹ್ಮಾವರದ ಬದಿಯ ಒಂದು ಹಳ್ಳಿಯ ಅಂಗನವಾಡಿ ಅಂಗಳದಲ್ಲಿ ನಮ್ಮ ನರ್ಸಿಂಗ್ ಮಕ್ಕಳಿಂದ ಒಂದು ನಾಟಕ ಆಡಿಸಿದೆವು. ಬರೆದದ್ದು ನಾನು. ಇಪ್ಪತ್ತು ನಿಮಿಷದ ನಾಟಕದಲ್ಲಿ ಹದಿನಾರು ನಿಮಿಷ ನರ್ಸಿನ ಮಾತು. ಸೊಳ್ಳೆಗೆ ಮಾತೇ ಇಲ್ಲ, ಬಂದು ಕಚ್ಚಿ ಸಾಯುವುದಷ್ಟೇ. ಹಾಗಾಗಿ ಸೊಳ್ಳೆಯ ಪಾತ್ರವನ್ನು ಹೆಮ್ಮಾಡಿಯವಳಿಗೆ ಕೊಟ್ಟೆ. ಬೇಕೂಂತಲೇ ಕೊಟ್ಟೆ.

ನರ್ಸಿನ ಪಾತ್ರ ಮಾಡಬೇಕಾದ ಹುಡುಗಿಗೆ ಅವತ್ತೇ ಗಂಟಲು ಕಟ್ಟಿತು. ನಾನೇ ಬಿಳಿ ಕೋಟು ಹಾಕಿಕೊಂಡು ನಿಂತೆ. ನಾಟಕ ಶುರುವಾಯಿತು, ನಾನು ಮಾತಾಡಿದೆ, ಮಾತಾಡಿದೆ, ಜನ ಆಕಳಿಸಿದರು. ಆಗ ಹಿಂದಿನಿಂದ ಯಾರೋ ಹಾಲಿನ ಪುಡಿಯ ಡಬ್ಬಕ್ಕೆ ಚೆಂಡೆಯ ಹಾಗೆ ಬಡಿದರು. ಒಬ್ಬರ ಹಸಿರು ಸೀರೆಯನ್ನು ಅಡ್ಡ ಹಿಡಿದರು. ಅದರ ಹಿಂದಿನಿಂದ ಸೊಳ್ಳೆ ಬಂತು. ಯಕ್ಷಗಾನದ ರಾಕ್ಷಸನ ಬಣ್ಣದ ವೇಷ ರಂಗಕ್ಕೆ ಬರುವ ಕ್ರಮ ಉಂಟಲ್ಲ, ಸೀರೆಯ ಮೇಲಿಂದ ಬರೀ ಕಣ್ಣು ತೋರಿಸಿ, ಆರ್ಭಟ ಕೊಟ್ಟು, ಆಮೇಲೆ ತಿರುಗಿ ತಿರುಗಿ ಕುಣಿದು, ಅದನ್ನೇ ಪೂರಾ ಮಾಡಿದಳು. ಶಾಲೆಯಲ್ಲಿರುವಾಗ ಕುಣಿತ ಕಲಿತಿದ್ದಳಂತೆ. ನನಗೆ ಹೇಳಿರಲಿಲ್ಲ. ತಾನು ಯಾವ ಯಾವ ಮನೆಯ ಯಾವ ತೆಂಗಿನ ಗೆರಟೆಯಲ್ಲಿ, ಯಾವ ಟಯರಿನಲ್ಲಿ, ಯಾವ ಹೂಕುಂಡದ ತಟ್ಟೆಯಲ್ಲಿ ಹುಟ್ಟಿ ಬೆಳೆದೆ ಅಂತ ಆ ಊರಿನ ಅಂಗಳಗಳ ಗುರುತು ಹಿಡಿದು ಹೇಳಿದಳು. ಇದು ನಾನು ಬರೆದದ್ದಲ್ಲ. ಆಕಳಿಸುತ್ತಿದ್ದವರು ಎದ್ದು ಮುಂದೆ ಬಂದು ಕೂತರು.

ನನಗೆ ಸಹಿಸಲಾಗಲಿಲ್ಲ. ಇನ್ನೂ ಐದು ನಿಮಿಷ ಆದ ಮೇಲೆ ಕೊಲ್ಲಬೇಕಾದ ಸೊಳ್ಳೆಯನ್ನು ಅಲ್ಲೇ ರಟ್ಟಿನ ಬ್ಯಾಟಿನಿಂದ ಹೊಡೆದು ಕೊಂದೆ. ಅಂಗಳದಲ್ಲಿ ಗಲಾಟೆಯಾಯಿತು. ಹಿರಿಯರೊಬ್ಬರು ಎದ್ದು ಬಂದು, ಪ್ರವೇಶ ಆದ ಕೂಡಲೇ ಕೊಲ್ಲುವ ಕ್ರಮ ಯಾವ ಆಟದಲ್ಲೂ ಇಲ್ಲ, ಕಡೇಪಕ್ಷ ಅರ್ಧ ಗಂಟೆ ಯುದ್ಧ ಆಗಲೇಬೇಕು ಅಂತ ನನಗೆ ತಿಳಿಸಿದರು. ಸೊಳ್ಳೆಯನ್ನು ಎಬ್ಬಿಸಬೇಕಾಯಿತು. ಅದು ಎದ್ದು, ಇನ್ನೂ ಇಪ್ಪತ್ತು ನಿಮಿಷ ಕುಣಿದು, ನನ್ನನ್ನು ಎರಡು ಸಲ ಕಚ್ಚಿ, ತಾನಾಗಿಯೇ ಸುಸ್ತಾಗಿ ಸತ್ತಿತು.

ಮುಂದಿನ ವಾರ ಹೋಗುವಾಗ ಊರಿನ ಅಂಗಳಗಳಲ್ಲಿ ಒಂದು ಗೆರಟೆಯೂ ನೀರು ಹಿಡಿದುಕೊಂಡು ಇರಲಿಲ್ಲ. ಎಲ್ಲ ಕವುಚಿ ಹಾಕಿದ್ದರು. ಸಣ್ಣ ಮಕ್ಕಳು ಓಡಿ ಬಂದು ಸೊಳ್ಳೆ ಅಕ್ಕ ಅಂತ ಅವಳ ಕೈಗೆ ಜೋತುಬಿದ್ದವು. ನನ್ನನ್ನು ಕಂಡ ಒಂದು ಮಗು ಸೊಳ್ಳೆ ಕೊಂದವರು ಬಂದರು ಅಂತ ಅತ್ತುಕೊಂಡು ಒಳಗೆ ಹೋಯಿತು.

ಅವಳಿಗೆ ನಾನು ಕೊಟ್ಟ ಮನೆ

ಕೊನೆಯ ವರ್ಷ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಮನೆ ಕೊಡುತ್ತೇವೆ. ಆ ಮನೆಯ ಒಬ್ಬ ರೋಗಿಯನ್ನು ಕೆಲವು ವಾರ ನೋಡಿಕೊಂಡು, ಎಲ್ಲ ಫೈಲಿನಲ್ಲಿ ಬರೆದು ಪರೀಕ್ಷೆಗೆ ತರಬೇಕು. ಯಾರಿಗೆ ಯಾವ ಮನೆ ಅಂತ ಹಂಚುವುದು ನಾನು. ಹೆಮ್ಮಾಡಿಯವಳ ಹೆಸರಿನ ಎದುರು ನಾನು ನನ್ನ ಮನೆಯ ವಿಳಾಸ ಬರೆದೆ. ರೋಗಿ: ನನ್ನ ಅತ್ತೆ.

ಯಾಕೆ ಬರೆದೆ ಅಂತ ಸತ್ಯ ಹೇಳುತ್ತೇನೆ. ಅರ್ಧ ಮನಸ್ಸಿಗೆ, ಇವಳ ಮಾತಿಗಾದರೂ ಅತ್ತೆ ಮಾತ್ರೆ ನುಂಗಲಿ, ಅವರ ಕಾಲು ಉಳಿಯಲಿ ಅಂತ ಇತ್ತು. ಉಳಿದ ಅರ್ಧ ಮನಸ್ಸಿಗೆ, ನನ್ನ ಅತ್ತೆಯ ಎದುರು ಇವಳ ಆಟ ನಡೆಯುವುದಿಲ್ಲ, ಒಂದು ಸಲ ಸೋತು ಬರಲಿ ಅಂತ ಇತ್ತು. ಯಾವ ಅರ್ಧ ದೊಡ್ಡದು ಅಂತ ಅಳೆಯುವುದು ಬೇಡ.

ಅದು ನನ್ನ ಮನೆ ಅಂತ ಹೇಳಿದಾಗ ಅವಳ ಮುಖ ಇಷ್ಟು ಸಣ್ಣದಾಯಿತು. ನನಗೆ ಖುಷಿಯಾಯಿತು. ಮೊದಲ ದಿನ ಹೋಗಿ ಬಂದಳು. ಹೇಗಾಯಿತು ಅಂದೆ. ಏನೂ ಆಗಲಿಲ್ಲ ಮೇಡಂ, ಕೆಸುವಿನ ಪತ್ರೊಡೆ ಮಾಡುವುದು ಹೇಗೆ ಅಂತ ಹೇಳಿಕೊಟ್ಟರು ಅಂದಳು. ಎರಡನೇ ಸಲವೂ ಅಷ್ಟೇ, ಸಕ್ಕರೆಯ ಸುದ್ದಿಯನ್ನೇ ತೆಗೆಯಲಿಲ್ಲವಂತೆ. ನಾನು ಸಾಯಂಕಾಲ ಹಾಡು ಗುನುಗಿಕೊಂಡು ಮನೆಗೆ ಹೋದೆ. ಮೂರನೇ ಸಲಕ್ಕೆ ನನಗೆ ತಡೆಯಲಿಲ್ಲ. ಇವಳು ಸೋಲುವುದನ್ನು ಕಣ್ಣಾರೆ ನೋಡಬೇಕು ಅಂತ ಅರ್ಧ ದಿನ ರಜೆ ಹಾಕಿ, ತಲೆನೋವು ಅಂತ ಅತ್ತೆಗೆ ಹೇಳಿ, ಒಳಕೋಣೆಯ ಬಾಗಿಲು ಸ್ವಲ್ಪ ತೆರೆದಿಟ್ಟು ಮಲಗಿದೆ.

ಯಾರ ಗಾಯ ದೊಡ್ಡದು

ಹುಡುಗಿ ಹತ್ತು ಗಂಟೆಗೆ ಬಂದಳು. ಜಗಲಿಯ ಮೆಟ್ಟಿಲ ಮೇಲೆ ಕೂತು ಬಿಳಿ ಶೂ ಬಿಚ್ಚಿದಳು. ಹೊಸ ಶೂ ಕಚ್ಚಿ ಹಿಮ್ಮಡಿಯಲ್ಲಿ ಒಂದು ಗುಳ್ಳೆ ಎದ್ದಿತ್ತು. ಅದನ್ನು ಅತ್ತೆಗೆ ತೋರಿಸಿ, ನಡೆಯಲಿಕ್ಕೇ ಆಗುವುದಿಲ್ಲ ಅಂತ ಗೋಳು ಹೇಳಿಕೊಂಡಳು. ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಇದು ಎಂತದ್ದೂ ಅಲ್ಲ ಅಂದರು. ಇಲ್ಲ ಅಜ್ಜಿ, ಇಷ್ಟು ದೊಡ್ಡ ಗಾಯ ನಮ್ಮ ಕ್ಲಾಸಿನಲ್ಲಿ ಯಾರಿಗೂ ಆಗಲಿಲ್ಲ, ನನಗೆ ಮಾತ್ರ ಅಂತ ಇವಳು ಇನ್ನಷ್ಟು ಹೇಳಿದಳು.

ನನ್ನ ಅತ್ತೆಗೆ ಒಂದು ಗುಣ ಇದೆ. ಬೇರೆಯವರ ಕಷ್ಟ ತನ್ನ ಕಷ್ಟಕ್ಕಿಂತ ದೊಡ್ಡದು ಅಂದರೆ ಅವರಿಗೆ ಆಗಿಬರುವುದಿಲ್ಲ. ಎರಡು ನಿಮಿಷ ತಡೆದುಕೊಂಡರು. ಆಮೇಲೆ ತಡೆಯಲಿಲ್ಲ.

"ಇದೂ ಒಂದ್ ಗಾಯವಾ ಹೆಣೆ? ಗಾಯ ಅಂದ್ರೆ ಇದ್. ಕಾಣ್."

ಸೀರೆಯ ನೆರಿಗೆ ಎತ್ತಿದರು. ಬಲಗಾಲಿನ ಕಿರುಬೆರಳಿನ ಕೆಳಗೆ ಬಟ್ಟೆ ಸುತ್ತಿತ್ತು. ಬಿಚ್ಚಿದರೆ ಅರಿಸಿನ ಮೆತ್ತಿದ ಗಾಯ, ಸುತ್ತ ಕೆಂಪಾಗಿ ಊದಿದೆ. ತೆಂಗಿನ ಮಡಲು ಎಳೆಯುವಾಗ ಚುಚ್ಚಿದ್ದಂತೆ. ನೋವೇ ಇಲ್ಲ ಅಂತ ಬಿಟ್ಟಿದ್ದರಂತೆ.

ನಾನು ಹಾಸಿಗೆಯಲ್ಲಿ ಎದ್ದು ಕೂತೆ. ಸಕ್ಕರೆ ಇದ್ದವರ ಕಾಲಿನ ಗಾಯಕ್ಕೆ ನೋವಿಲ್ಲ ಅಂದರೆ ಏನರ್ಥ ಅಂತ ವರ್ಷ ವರ್ಷ ಪಾಠ ಮಾಡುವವಳು ನಾನು. ಒಂದು ವಾರದಿಂದ ಅತ್ತೆ ಸೀರೆಯನ್ನು ನೆಲ ಗುಡಿಸುವ ಹಾಗೆ ಇಳಿಸಿ ಉಡುತ್ತಿದ್ದರು. ನಮ್ಮನೆಯವರು ಅಮ್ಮ ಈಗ ಸ್ಟೈಲು ಅಂತ ತಮಾಷೆ ಮಾಡಿದ್ದರು, ನಾನೂ ನಕ್ಕಿದ್ದೆ. ರೋಗಿಯ ಉಡುಗೆ ಬದಲಾದರೆ ಗಮನಿಸಿ ಅಂತ ಬೋರ್ಡಿನ ಮೇಲೆ ಬರೆಯುವುದೂ ನಾನೇ.

ತಲೆನೋವು ಮರೆತು ಹಾರಿ ಹೊರಗೆ ಬಂದೆ. ಅಣ್ಣನ ಕಾಲಿನ ಕತೆ ಬಾಯಿಯ ತುದಿಗೆ ಬಂದಿತ್ತು. ಅತ್ತೆ ನನ್ನನ್ನು ನೋಡಿದವರೇ ನೆರಿಗೆ ಇಳಿಸಿಬಿಟ್ಟರು. ಆಗ ನನ್ನ ಶಿಷ್ಯೆ, ನನ್ನ ಮನೆಯ ಜಗಲಿಯಲ್ಲಿ ಕೂತು, ನೀವು ಒಳಗೆ ಹೋಗಿ ಅಂತ ನನಗೆ ಕಣ್ಣಿನಲ್ಲೇ ಹೇಳಿದಳು. ಸಿಟ್ಟು ಬಂತು. ಆದರೆ ಕಾಲು ನೆನಪಾಗಿ ಒಳಗೆ ಹೋದೆ.

ಬಾಗಿಲ ಸಂದಿಯಿಂದ ಮುಂದಿನದ್ದು ಕೇಳಿಸಿತು. ಅತ್ತೆ ಆಸ್ಪತ್ರೆಗೆ ಹೋಗುವುದಿಲ್ಲ ಅಂದರು. ಅಲ್ಲಿ ಹೋದರೆ ಕಾಲು ಕಡಿಯುತ್ತಾರೆ, ಅಣ್ಣ ನಡೆದುಕೊಂಡು ಹೋದವನು ಎತ್ತಿಸಿಕೊಂಡು ಬಂದ, ನನ್ನ ಸೊಸೆ ದಿನಾ ಅದನ್ನೇ ಹೇಳುತ್ತಾಳೆ, ಹಾಗಾಗಿ ಮುಚ್ಚಿಕೊಂಡಿದ್ದೇನೆ ಅಂದರು. ಇಷ್ಟು ವರ್ಷ ನಾನು ಅವರನ್ನು ಆಸ್ಪತ್ರೆಗೆ ಕಳುಹಿಸಲಿಕ್ಕೆ ಹೆದರಿಸಿದ್ದು, ಅವರು ಅದೇ ಹೆದರಿಕೆಯಲ್ಲಿ ಆಸ್ಪತ್ರೆ ಬಿಟ್ಟದ್ದು. ನನಗೆ ನಿಂತಲ್ಲೇ ನಾಚಿಕೆಯಾಯಿತು.

ಹುಡುಗಿ ಉಪದೇಶ ಮಾಡಲಿಲ್ಲ. ನಿಮ್ಮ ಅಣ್ಣ ಗಾಯ ಆಗಿ ಎಷ್ಟು ದಿನಕ್ಕೆ ತೋರಿಸಿದರು ಅಂತ ಕೇಳಿದಳು. ಮೂರು ತಿಂಗಳು ಅಂದರು ಅತ್ತೆ. ನಿಮ್ಮದು ಎಷ್ಟು ದಿನ ಆಯಿತು ಅಂದಳು. ಎಂಟು ದಿನ.

"ಹಂಗಾರ್ ನೀವೇ ಗೆದ್ರಿ ಅಜ್ಜಿ. ಇವತ್ತೇ ಹೋಪ. ನಾಳಿಗ್ ಹೋದ್ರ್ ಒಂಬತ್ತ್ ಆತ್ತ್."

ಅತ್ತೆ ಎದ್ದು ಒಳಗೆ ಬಂದರು, ಒಳ್ಳೆಯ ಸೀರೆ ಉಡಲಿಕ್ಕೆ. ಅಣ್ಣನಿಗಿಂತ ಜಾಣೆ ಅಂತ ಅನಿಸಿಕೊಳ್ಳುವ ಅವಕಾಶ ಅವರಿಗೆ ಎಪ್ಪತ್ತೈದು ವರ್ಷದಲ್ಲಿ ಅದೇ ಮೊದಲು ಸಿಕ್ಕಿದ್ದು.

ರಿಕ್ಷಾದ ಮುಂದಿನ ಸೀಟು

ರಿಕ್ಷಾದಲ್ಲಿ ಹಿಂದೆ ಅತ್ತೆ, ಅತ್ತೆಯ ಪಕ್ಕ ಹುಡುಗಿ, ಉಳಿದ ಜಾಗದಲ್ಲಿ ಅತ್ತೆಯ ಕಾಲು. ಅಡ್ಡ ಕೂತು ಆ ಕಾಲನ್ನು ಹುಡುಗಿಯ ತೊಡೆಯ ಮೇಲೆ ಚಾಚಿದ್ದರು. ನಾನು ಡ್ರೈವರಿನ ಸೀಟಿನ ಅಂಚಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕೂತು ಕುಂದಾಪುರದವರೆಗೂ ಗಾಳಿ ಕುಡಿದೆ. ಡ್ರೈವರು ನಮ್ಮ ಊರಿನವನೇ, ಹಿಂದೆ ಕೂತದ್ದು ನಿಮ್ಮ ಮಗಳಾ ಅಕ್ಕ ಅಂತ ಕೇಳಿದ.

ಡಾಕ್ಟರು ಗಾಯ ತೊಳೆದು, ಮದ್ದು ಕೊಟ್ಟು, ಬೆರಳಿಗೆ ಏನೂ ಆಗಲಿಲ್ಲ, ಇನ್ನೂ ಎರಡು ವಾರ ಬಿಟ್ಟಿದ್ದರೆ ಕಷ್ಟ ಇತ್ತು ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಅತ್ತೆ ನನ್ನನ್ನು ನೋಡಿ, ಇವಳಿಗೆ ಎಂತ ಆಯಿತು, ಕಾಲು ನನ್ನದಲ್ಲವಾ ಅಂತ ಹುಡುಗಿಯನ್ನು ಕೇಳಿದರು.

ಆಮೇಲೆ ದಿನಾ ಡ್ರೆಸ್ಸಿಂಗು. ಹುಡುಗಿ ವಾರಕ್ಕೆ ಎರಡು ದಿನ ಬರುತ್ತಿದ್ದಳು, ಉಳಿದ ಐದು ದಿನ ನಾನು. ನಾನು ಮಾಡಿದ ಡ್ರೆಸ್ಸಿಂಗ್ ಒಂದು ದಿನವೂ ಅತ್ತೆಗೆ ಹಿಡಿಸಲಿಲ್ಲ. ಬಿಗಿಯಾಯಿತು, ಸಡಿಲಾಯಿತು, ಆ ಹುಡುಗಿಯದ್ದು ಹೀಗೆ ಇರುವುದಿಲ್ಲ ಅನ್ನುವುದು. ಅವಳಿಗೆ ಡ್ರೆಸ್ಸಿಂಗ್ ಕಲಿಸಿದ್ದು ನಾನೇ ಅತ್ತೆ ಅಂದೆ ಒಂದು ದಿನ. ಕಲಿಸುವಾಗ ಸರಿಯಾಗಿಯೇ ಕಲಿಸಿದ್ದೀ, ನೀನೂ ಅವಳ ಹತ್ತಿರ ಸ್ವಲ್ಪ ಕಲಿ ಅಂದರು.

ಫೈಲು

ಪರೀಕ್ಷೆಗೆ ಹೊರಗಿನಿಂದ ಒಬ್ಬರು ಬರುತ್ತಾರೆ, ಅವರ ಜೊತೆ ಒಳಗಿನವಳಾಗಿ ನಾನು ಕೂರುವುದು. ಆ ಸಲ ಬಂದವರು ಘಟ್ಟದ ಮೇಲಿನ ಒಬ್ಬ ಸರ್, ಬಹಳ ಶಿಸ್ತಿನವರು. ಹೆಮ್ಮಾಡಿಯವಳ ಸರದಿ ಬಂತು. ಅವಳ ಫೈಲು ನಾನು ಓದಿರಲಿಲ್ಲ. ನನ್ನ ಮನೆಯ ಕತೆ ನನಗೆ ಗೊತ್ತಿಲ್ಲದ್ದಾ ಅಂತ ಸಹಿ ಹಾಕಿ ಕೊಟ್ಟಿದ್ದೆ. ಸರ್ ಪುಟ ತಿರುಗಿಸಿ ಗಟ್ಟಿಯಾಗಿ ಓದಲು ಶುರು ಮಾಡಿದರು. ಅವಳು ಇಂಗ್ಲಿಷಿನಲ್ಲಿ ಬರೆದದ್ದು ಕನ್ನಡದಲ್ಲಿ ಹೇಳಿದರೆ ಹೀಗೆ:

ರೋಗಿಯ ಸಮಸ್ಯೆ: ಗಾಯವನ್ನು ಮುಚ್ಚಿಡುವುದು. ಕಾರಣ: ಸೊಸೆ. ವಿವರ: ಸೊಸೆಗೆ ಒಳ್ಳೆಯ ತಿಳಿವಳಿಕೆ ಇದೆ, ಆದರೆ ಮನೆಯಲ್ಲೂ ಪಾಠ ಮಾಡುತ್ತಾರೆ. ಗುರಿ ಒಂದು: ಗಾಯ ವಾಸಿಯಾಗುವುದು. ಗುರಿ ಎರಡು: ಸೊಸೆ ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಹೆದರಿಸದಿರುವುದು. ಫಲಿತಾಂಶ: ಗಾಯ ಪೂರ್ತಿ ವಾಸಿಯಾಗಿದೆ. ರೋಗಿ ಮಾತ್ರೆ ನುಂಗುತ್ತಿದ್ದಾರೆ. ಸೊಸೆಯ ವಿಷಯದಲ್ಲಿ ಗುರಿ ಭಾಗಶಃ ಈಡೇರಿದೆ.

ಬಾಗಿಲಲ್ಲಿ ಸರದಿಗೆ ನಿಂತಿದ್ದ ಮಕ್ಕಳಿಗೆಲ್ಲ ಅದು ಯಾರ ಮನೆ ಅಂತ ಗೊತ್ತು. ಒಬ್ಬಳು ಕೆಮ್ಮಿದಳು, ಒಬ್ಬಳು ಹೊರಗೆ ಓಡಿದಳು. ಹೆಮ್ಮಾಡಿಯವಳು ನೆಲ ನೋಡುತ್ತಿದ್ದಳು, ಅವಳ ಕಿವಿ ಕೆಂಪಾಗಿತ್ತು. ಕಂಡದ್ದನ್ನೆಲ್ಲ ಬರೆಯಿರಿ, ಯಾರ ಮುಲಾಜೂ ನೋಡಬೇಡಿ ಅಂತ ಮೂರು ವರ್ಷ ಹೇಳಿದವಳು ನಾನು. ಸರ್‌ಗೆ ಮಾತ್ರ ಏನೂ ಗೊತ್ತಿಲ್ಲ. ಕನ್ನಡಕ ತೆಗೆದು ನನ್ನನ್ನು ಕೇಳಿದರು.

"ಮೇಡಂ, ಈ ಸೊಸೆ ನಿಜವಾಗಿ ಹೀಗೇ ಇದ್ದಾರಾ, ಇಲ್ಲ ಈ ಹುಡುಗಿ ಉತ್ಪ್ರೇಕ್ಷೆ ಮಾಡಿದ್ದಾಳಾ?"

ಉತ್ಪ್ರೇಕ್ಷೆ ಅಂದಿದ್ದರೆ ಅವಳ ಮಾರ್ಕು ಹೋಗುತ್ತಿತ್ತು, ನನ್ನ ಮಾನ ಉಳಿಯುತ್ತಿತ್ತು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಹಾಗೆ ಹೇಳಿಬಿಡುವ ಅನಿಸಿತು. ಆಮೇಲೆ ಅತ್ತೆಯ ಐದೂ ಬೆರಳು ಕಣ್ಣ ಮುಂದೆ ಬಂತು.

ಇಲ್ಲ ಸರ್, ಅವರು ಹೀಗೇ, ನಾನೇ ದಿನಾ ನೋಡುತ್ತೇನೆ ಅಂದೆ.

ಅವರು ಬೆರಗಾದರು. ಒಬ್ಬ ರೋಗಿಯ ಮನೆಗೆ ದಿನಾ ಹೋಗುತ್ತೀರಾ, ಇಂಥ ಟೀಚರನ್ನು ನಾನು ಎಲ್ಲೂ ನೋಡಲಿಲ್ಲ ಅಂತ ಎದ್ದು ನಿಂತು ಹೇಳಿದರು. ಹೆಮ್ಮಾಡಿಯವಳಿಗೆ ಬ್ಯಾಚಿನಲ್ಲೇ ಹೆಚ್ಚು ಮಾರ್ಕು ಬಿತ್ತು. ಕೆಳಗೆ ಸಹಿ ಹಾಕುವಾಗ ನನ್ನ ಪೆನ್ನು ಸ್ವಲ್ಪ ಗಟ್ಟಿಯಾಗಿಯೇ ಒತ್ತಿತು.

ಸಂಜೆ ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅವಳು ಬರೆದದ್ದನ್ನೂ ಹೇಳಿದೆ. ಬೇಜಾರು ಮಾಡಿಕೊಂಡು ಹೇಳಿದೆ, ಒಂದು ಸಮಾಧಾನದ ಮಾತು ಬರಬಹುದು ಅಂತ. ಅತ್ತೆ ಅವಳಿಗೆ ಎಷ್ಟು ಮಾರ್ಕು ಬಿತ್ತು ಅಂತ ಕೇಳಿದರು. ಹೇಳಿದೆ. ನಿನಗೆ ಎಷ್ಟು ಬಿತ್ತು ಅಂದರು. ನನಗೆ ಪರೀಕ್ಷೆ ಇಲ್ಲ ಅತ್ತೆ ಅಂದೆ. ಹೌದಾ ಅಂದು, ಬಲಗಾಲು ಚಾಚಿ ನನ್ನ ಮಡಿಲಿನಲ್ಲಿ ಇಟ್ಟರು. ನಾನು ಈ ಮನೆಗೆ ಬಂದ ಮೇಲೆ ಅವರು ತಾವಾಗಿ ನನಗೆ ಕಾಲು ಕೊಟ್ಟದ್ದು ಅದೇ ಮೊದಲು. ನಾನು ಬೆರಳ ಸಂದು ಸಂದು ಬಿಡಿಸಿ, ಹಿಮ್ಮಡಿ ಒತ್ತಿ, ಪಾದ ತಿರುಗಿಸಿ, ಬಾಯಿ ಮುಚ್ಚಿಕೊಂಡು ಪೂರಾ ನೋಡಿದೆ. ಅಣ್ಣನ ಸುದ್ದಿ ಎತ್ತಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡೇ ಹೇಳಿದರು.

"ಆ ಹೆಣ್ಣ್ ಕಾಂಬುದಕ್ಕಿಂತ ನೀ ಕಾಂಬುದೇ ಒಂಚೂರ್ ಲಾಯ್ಕ್ ಇತ್ತ್. ಅವ್ಳಿಗ್ ಹೇಳ್ಬ್ಯಾಡ ಮತ್ತೆ, ಹೊಟ್ಟಿಕಿಚ್ಚ್ ಆತ್ತ್ ಅವ್ಳಿಗೆ."

ಹೇಳುವುದಿಲ್ಲ ಅತ್ತೆ ಅಂದೆ. ಕಾಲನ್ನು ಮೆಲ್ಲ ದಿಂಬಿನ ಮೇಲೆ ಇಳಿಸಿ, ಹಿತ್ತಲಿಗೆ ಹೋಗಿ, ಹೆಮ್ಮಾಡಿಗೆ ಫೋನ್ ಮಾಡಿದೆ.